ಇಯೊಲಾನಿ ಅರಮನೆಯ ಮೇಲ್ಮಹಡಿಯಲ್ಲಿ

ಹೊನೊಲುಲುವಿನ ಇಯೊಲಾನಿ ಅರಮನೆಯೊಳಗೆ ಹೋಗುವಾಗ ಬೂಟಿನ ಮೇಲೆ ಬಟ್ಟೆಯ ಚೀಲ ಹಾಕಿಕೊಳ್ಳಬೇಕು. ಹಳೇ ಮರದ ನೆಲಕ್ಕೆ ಗೀರು ಬೀಳಬಾರದು ಅಂತ. ಕೆಳಗಿನ ಮಹಡಿಯಲ್ಲೇ ದರ್ಬಾರಿನ ಕೋಣೆ, ಅದರಲ್ಲಿ ಸಿಂಹಾಸನಗಳು. ಹವಾಯಿಯ ಕೊನೆಯ ರಾಣಿ ಲಿಲಿಯುಓಕಲಾನಿಯನ್ನು 1895ರಲ್ಲಿ ಮಿಲಿಟರಿ ಕೋರ್ಟು ವಿಚಾರಣೆ ಮಾಡಿದ್ದು ಇದೇ ಕೋಣೆಯಲ್ಲಿ. 1893ರಲ್ಲಿ ಪಟ್ಟ ಕಳೆದುಕೊಂಡಿದ್ದ ಆಕೆಯನ್ನು ಮತ್ತೆ ಪಟ್ಟಕ್ಕೆ ತರಲು ಬೆಂಬಲಿಗರು ದಂಗೆ ಎದ್ದಿದ್ದರು. ಅದು ಗೊತ್ತಿದ್ದೂ ರಾಣಿ ಸುಮ್ಮನಿದ್ದರು ಅನ್ನುವುದೇ ಆರೋಪ. ಐದು ವರ್ಷ ಕಠಿಣ ಶಿಕ್ಷೆ, 5,000 ಡಾಲರ್ ದಂಡ ಅಂತ ತೀರ್ಪಾಯಿತು. ಕೊನೆಗೆ ಇದೇ ಅರಮನೆಯ ಮೇಲಿನ ಒಂದು ಕೋಣೆಯಲ್ಲಿ ಸುಮಾರು ಎಂಟು ತಿಂಗಳು ಕೂಡಿಹಾಕಿದರು.

ಆ ಕೋಣೆಯಲ್ಲಿ ನಾನು ತುಂಬಾ ಹೊತ್ತು ನಿಂತೆ. ಗಾಜಿನ ಪೆಟ್ಟಿಗೆಯಲ್ಲಿ ರಾಣಿ ಬಂಧನದಲ್ಲಿದ್ದಾಗ ಹೊಲಿಯಲು ಶುರುಮಾಡಿದ ಒಂದು ಹೊದಿಕೆ ಇದೆ, ಥೇಟ್ ನಮ್ಮ ಕೌದಿಯ ಹಾಗೆ. ರೇಷ್ಮೆ, ವೆಲ್ವೆಟ್ಟು, ರಿಬ್ಬನ್ನಿನ ತುಂಡುಗಳನ್ನು ಸಿಕ್ಕ ಆಕಾರದಲ್ಲೇ ಜೋಡಿಸಿ ಹೊಲಿದಿದ್ದಾರೆ. ನಡುವೆ ಹವಾಯಿಯ ಬಾವುಟಗಳು. ದಾರದಲ್ಲೇ ಬರೆದ ಹೆಸರುಗಳು, ಬಂಧನದ ತಾರೀಕು, ಬಿಡುಗಡೆಯ ತಾರೀಕು. ಜೊತೆಗಿರಲು ಒಬ್ಬ ಹೆಂಗಸಿಗೆ ಅನುಮತಿ ಇತ್ತು, ಪೇಪರ್ ಓದುವ ಹಾಗಿರಲಿಲ್ಲ. ಜನ ರಾಣಿಯ ತೋಟದ ಹೂಗಳನ್ನು ಪೇಪರಿನಲ್ಲೇ ಸುತ್ತಿ ಕಳಿಸುತ್ತಿದ್ದರಂತೆ. ಸುದ್ದಿ ಒಳಗೆ ಬರುತ್ತಿದ್ದದ್ದು ಹಾಗೆ!

ಪಕ್ಕದಲ್ಲಿದ್ದ ಪ್ರವಾಸಿಯೊಬ್ಬರು, "ಈಕೆ ಯುದ್ಧವನ್ನೇ ಮಾಡದೆ ರಾಜ್ಯ ಬಿಟ್ಟುಕೊಟ್ಟರು, ಅಲ್ವಾ?" ಅಂದರು. ನನಗೆ ಸುಮ್ಮನಿರಲು ಆಗಲಿಲ್ಲ. ಬಿಟ್ಟುಕೊಟ್ಟಿರಲಿಲ್ಲ ಅಂದೆ. ಅಣ್ಣ ಕಲಾಕೌವಾ ರಾಜನಾಗಿದ್ದಾಗ, 1887ರಲ್ಲಿ, ಅಲ್ಲಿನ ಬಿಳಿಯರು ಬಂದೂಕು ತೋರಿಸಿ ಒಂದು ಸಂವಿಧಾನಕ್ಕೆ ಸಹಿ ಹಾಕಿಸಿಕೊಂಡಿದ್ದರು. ಎಷ್ಟೋ ಮೂಲನಿವಾಸಿಗಳ ಮತದ ಹಕ್ಕು ಅದರಿಂದಲೇ ಹೋಯಿತು. 1891ರಲ್ಲಿ ಪಟ್ಟಕ್ಕೆ ಬಂದ ರಾಣಿ ಅದನ್ನು ಬದಲಿಸಲು ಹೊರಟರು. ತಕ್ಷಣ ಅಲ್ಲಿನ ಬಿಳಿ ವ್ಯಾಪಾರಿಗಳು, ವಕೀಲರು ತಿರುಗಿಬಿದ್ದರು. 1893ರ ಜನವರಿ 16ರಂದು ಬೋಸ್ಟನ್ ಎಂಬ ಹಡಗಿನಿಂದ ಅಮೆರಿಕದ ಸೈನಿಕರು ಇಳಿದರು. ಮರುದಿನ ರಾಣಿ ಮಣಿದದ್ದು ನಿಜ. ಆದರೆ ಮಣಿದದ್ದು ದಂಗೆಕೋರರಿಗಲ್ಲ, ಅಮೆರಿಕ ಸರ್ಕಾರದ ಬಲಕ್ಕೆ. ರಕ್ತ ಹರಿಯಬಾರದು ಅಂತ ಹೀಗೆ ಮಾಡುತ್ತಿದ್ದೇನೆ, ನಡೆದದ್ದನ್ನು ಆ ಸರ್ಕಾರ ಸರಿಪಡಿಸಲಿ ಅಂತ ಬರೆದೇ ಕೊಟ್ಟರು. ನನ್ನ ಪ್ರಕಾರ ಅದು ಶರಣಾಗತಿ ಪತ್ರವಲ್ಲ, ದೂರು.

ಆ ದೂರಿಗೆ ಬೆಲೆಯೂ ಸಿಕ್ಕಿತು. ಅಮೆರಿಕದ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ತನಿಖೆ ಮಾಡಿಸಿ, ಆದದ್ದು ಅನ್ಯಾಯ ಅಂತ ಒಪ್ಪಿದರು. ಪಟ್ಟ ಮಾತ್ರ ವಾಪಸ್ ಬರಲಿಲ್ಲ. 1897ರಲ್ಲಿ ಅಮೆರಿಕದ ಜೊತೆ ವಿಲೀನ ಬೇಡ ಅಂತ 21,000ಕ್ಕೂ ಜಾಸ್ತಿ ಜನ ಸಹಿ ಹಾಕಿದರು. ವಿಲೀನದ ಒಪ್ಪಂದ ಅಮೆರಿಕದ ಸೆನೆಟ್ಟಿನಲ್ಲಿ ಬಿದ್ದುಹೋಯಿತು. ಮುಂದಿನ ವರ್ಷ ಒಪ್ಪಂದದ ಗೊಡವೆಯೇ ಇಲ್ಲದೆ, ಬರೀ ಒಂದು ನಿರ್ಣಯ ಪಾಸು ಮಾಡಿ ಹವಾಯಿಯನ್ನು ಸೇರಿಸಿಕೊಂಡರು.

ಆ ಪ್ರವಾಸಿ ಹೌದಾ ಅಂದರು. 1993ರಲ್ಲಿ ಅಮೆರಿಕವೇ ಕ್ಷಮೆ ಕೇಳಿದೆ ಅಂದೆ. "ಹವಾಯಿಯವರ ಜಮೀನು ವಾಪಸ್ ಕೊಟ್ಟರಾ?" ಅಂತ ಕೇಳಿದರು. ಇಲ್ಲ, ಆ ಕ್ಷಮೆಯ ಕಾಗದದಲ್ಲಿ ಜಮೀನು ಕೊಡುವ ಮಾತೇ ಇರಲಿಲ್ಲ.