ಗಾಂಜಾ ಸಿಗುತ್ತದೆ, ಸಿಗರೇಟು ಸಿಗುವುದಿಲ್ಲ

ಅಕ್ಕನ ಮಗ ಎಂಎಸ್ ಓದಲು ಬಾಸ್ಟನ್ನಿಗೆ ಬಂದಿದ್ದಾನೆ. ಸದ್ಯಕ್ಕೆ ಪಕ್ಕದ ಬ್ರೂಕ್‌ಲೈನ್‌ನಲ್ಲಿ, ನಮ್ಮ ಮನೆಯಲ್ಲೇ ವಾಸ. ಮೊನ್ನೆ ಸಂಜೆ 'ಸುಮ್ನೆ ಸುತ್ತಾಡಿ ಬರ್ತೀನಿ ಮಾಮ' ಅಂತ ಹೋದವನು ಮುಖ ಊದಿಸಿಕೊಂಡು ವಾಪಸ್ ಬಂದ. ಎರಡು ಸಲ ಕೇಳಿದ ಮೇಲೆ ಬಾಯಿಬಿಟ್ಟ. ಅಂಗಡಿಯಲ್ಲಿ ಸಿಗರೇಟು ಕೇಳಿದನಂತೆ. ಕೌಂಟರಿನವನು ಪಾಸ್‌ಪೋರ್ಟ್ ತಿರುವಿ, ಹುಟ್ಟಿದ ವರ್ಷ 2001 ಎಂದು ನೋಡಿ, ಆಗಲ್ಲ ಅಂದನಂತೆ.

"ನಂಗೆ ಇಪ್ಪತ್ನಾಲ್ಕು ಮಾಮ. ಇನ್ನೆಷ್ಟು ವರ್ಷ ಕಾಯ್ಬೇಕು?"

"ಮುದುಕ ಆದ್ರೂ ಕೊಡಲ್ಲ ಕಣೋ" ಅಂದೆ.

ತಮಾಷೆ ಅಲ್ಲ. ಅಮೆರಿಕದಲ್ಲಿ 2019ರ ಡಿಸೆಂಬರಿನಿಂದ ಸಿಗರೇಟು, ವೇಪ್ (ಇ-ಸಿಗರೇಟು) ಕೊಳ್ಳಲು ಕನಿಷ್ಠ ವಯಸ್ಸು 21. ನಮ್ಮ ಬ್ರೂಕ್‌ಲೈನಿನವರಿಗೆ ಅದೂ ಸಾಲಲಿಲ್ಲ. 2000ದ ಜನವರಿ 1ರಿಂದ ಈಚೆಗೆ ಹುಟ್ಟಿದ ಯಾರಿಗೂ ಎಂದೆಂದಿಗೂ ಮಾರಬಾರದು ಅಂತ 2020ರಲ್ಲಿ ನಿಯಮ ಮಾಡಿದರು. ಅಂಗಡಿಯವರು ಕೋರ್ಟಿಗೆ ಹೋದರು. 2024ರ ಮಾರ್ಚಿನಲ್ಲಿ ನಮ್ಮ ರಾಜ್ಯ ಮ್ಯಾಸಚೂಸೆಟ್ಸ್‌ನ ಅತಿ ದೊಡ್ಡ ಕೋರ್ಟು ನಿಯಮ ಸರಿ ಅಂದಿತು. ಅಂದರೆ 2050ರಲ್ಲಿ ಇಬ್ಬರು ಐವತ್ತರ ಗಂಡಸರು ಒಂದೇ ಅಂಗಡಿಗೆ ಹೋದರೆ, 1999ರ ಡಿಸೆಂಬರಿನಲ್ಲಿ ಹುಟ್ಟಿದವನಿಗೆ ಪ್ಯಾಕು, 2000ದ ಜನವರಿಯವನಿಗೆ ಬುದ್ಧಿಮಾತು!

ಇದೇ ಊರಿನಲ್ಲಿ ಗಾಂಜಾ ಅಂಗಡಿಯೂ ಇದೆ. ಲೈಸೆನ್ಸ್ ಪಡೆದ ಅಂಗಡಿ, 21 ತುಂಬಿದ್ದರೆ ಸಾಕು. ಇದನ್ನು ಹೇಳಿದಾಗ ಹುಡುಗ ನನ್ನ ಮುಖವನ್ನೇ ನೋಡಿದ.

ನಾನು ಸೇದುವವನಲ್ಲ. ಅಪ್ಪ ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕಿ ಹಾಕಿ, ಕೊನೆಗಾಲದಲ್ಲಿ ಬಾಯಿ ಪೂರ್ತಿ ತೆರೆಯಲಾಗದೆ ಗಂಜಿ ಕುಡಿಯುತ್ತಿದ್ದರು. ತಂಬಾಕು ಏನು ಮಾಡುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಈ ವಯಸ್ಸು ಏರಿಸುವ ಆಟ ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಹದಿನೆಂಟಕ್ಕೆ ವೋಟು ಹಾಕಬಹುದು, ಕಾಲೇಜಿಗೆ ಸಾಲ ಮಾಡಬಹುದು, ಬಂದೂಕು ಹಿಡಿದು ಯುದ್ಧಕ್ಕೂ ಹೋಗಬಹುದು. 2016ರಲ್ಲಿ 21 ಮಾಡಿದ ಕ್ಯಾಲಿಫೋರ್ನಿಯಾಗೇ ಇದು ಮುಜುಗರ ಅನ್ನಿಸಿರಬೇಕು. ಹದಿನೆಂಟರ ಸೈನಿಕ ಕಾರ್ಡು ತೋರಿಸಿದರೆ ಕೊಡಿ ಅಂತ ವಿನಾಯಿತಿ ಇಟ್ಟಿತ್ತು. ದೇಶದ ಕಾನೂನು ಬಂದಾಗ ಅದೂ ಹೋಯಿತು. ಸಿಗರೇಟು ಬಿಟ್ಟು ವೇಪ್‌ಗೆ ಬದಲಾಗಲು ನೋಡುವ ಹತ್ತೊಂಬತ್ತರ ಹುಡುಗನಿಗೂ ಬಾಗಿಲು ಮುಚ್ಚಿತು.

ಹತ್ತಿರದ ನೀಧಮ್ ಊರು 2005ರಲ್ಲೇ 21 ಮಾಡಿತು, ಆಮೇಲೆ ಅಲ್ಲಿನ ಹೈಸ್ಕೂಲು ಮಕ್ಕಳಲ್ಲಿ ಸೇದುವವರು ಹೆಚ್ಚುಕಡಿಮೆ ಅರ್ಧಕ್ಕಿಳಿದರು. ಅದು ನಿಜ. ಸ್ಕೂಲು ಮಕ್ಕಳಿಗೆ ಮಾರಬೇಡಿ ಅನ್ನಿ, ನನ್ನ ತಕರಾರಿಲ್ಲ. ಆದರೆ ಇಪ್ಪತ್ನಾಲ್ಕರವನು ಸ್ಕೂಲು ಮಗುವಲ್ಲ, ಅಲ್ವಾ?

ಕರ್ನಾಟಕದಲ್ಲೂ 2025ರಲ್ಲಿ 18 ಹೋಗಿ 21 ಬಂತು, ಬಿಡಿ ಸಿಗರೇಟು ಮಾರುವಂತಿಲ್ಲ ಅಂತಲೂ ಆಯಿತು. ಕಾಲೇಜು ಹಿಂದಿನ ಪೆಟ್ಟಿಗೆ ಅಂಗಡಿ, ದಾರಕ್ಕೆ ನೇತುಹಾಕಿದ ಲೈಟರ್ ನೆನಪಾಗುತ್ತದೆ. ಅಲ್ಲಿ ಆಧಾರ್ ಕಾರ್ಡು ಕೇಳುವವರು ಯಾರು?

ಇಲ್ಲಿ ಕೇಳುತ್ತಾರೆ, ನಿಜ. ಆದರೆ ನಮ್ಮನೆಯಿಂದ ನಾಲ್ಕು ಹೆಜ್ಜೆ ಹೋದರೆ ಕಾಮನ್‌ವೆಲ್ತ್ ಅವೆನ್ಯೂ. ಟ್ರಾಮ್ ಹಳಿ ದಾಟಿದರೆ ಬಾಸ್ಟನ್. ಅಲ್ಲಿ 21 ಆಗಿದ್ದರೆ ಸಾಕು. ಹುಡುಗನಿಗೆ ನಾನು ಹೇಳಲಿಲ್ಲ, ಮರುದಿನ ಅವನೇ ಕಂಡುಕೊಂಡ. ಜಾಕೆಟ್ಟಿನ ವಾಸನೆಯಲ್ಲೇ ಗೊತ್ತಾಯಿತು.

ಭಾನುವಾರ ಅಕ್ಕ ಫೋನು ಮಾಡಿದಳು. "ಅಲ್ಲಿ ಇವನ ವಯಸ್ಸಿನವರಿಗೆ ಸಿಗರೇಟೇ ಕೊಡಲ್ವಂತೆ, ಹೌದೇನೋ?" ಅಂದಳು. ದನಿಯಲ್ಲಿ ಖುಷಿಯೋ ಖುಷಿ. ಹೌದಕ್ಕ, ನಮ್ಮೂರಲ್ಲಿ ಕೊಡಲ್ಲ ಅಂದೆ. ಟ್ರಾಮ್ ಹಳಿಯ ವಿಷಯ ಎತ್ತಲಿಲ್ಲ. ಅವಳು ಇದನ್ನು ಓದದಿದ್ದರೆ ಸಾಕು.