ಅರ್ಧ ಕಟ್ಟಿದ ಸಕ್ಕರೆ ಸರಪಳಿಗಳ ಬೆನ್ನು ಹತ್ತಿ

ಮಂಗಳವಾರ, 12 ಮಾರ್ಚ್ 2024

ಮಧ್ಯಾಹ್ನವೆಲ್ಲ ಕಾನ್‌ಫೋಕಲ್ ಮೈಕ್ರೋಸ್ಕೋಪಿನ ಕತ್ತಲೆ ಕೋಣೆಯಲ್ಲೇ ಕಳೆದೆ. ಒಂದೇ ತಟ್ಟೆಯಲ್ಲಿ ಬೆಳೆದ ಕೋಶಗಳಿಗೆ ಹೊಳೆಯುವ ಬಣ್ಣ ಕಟ್ಟಿದ ಬೇರೆ ಬೇರೆ ಲೆಕ್ಟಿನ್ (ನಿರ್ದಿಷ್ಟ ಸಕ್ಕರೆಗಳನ್ನು ಹಿಡಿಯುವ ಪ್ರೋಟೀನ್) ಹಾಕಿದ್ದೆ. ಜ್ಯಾಕ್ ಬೀನ್ ಕಾಳಿನಿಂದ ಬರುವ, ಮ್ಯಾನೋಸ್ ಎಂಬ ಸಕ್ಕರೆಯನ್ನು ಹಿಡಿಯುವ ಕಾನ್‌ಕನಾವಲಿನ್-ಎ ಕೋಶದ ತುಂಬ ಬಲೆಯಂತೆ ಹರಡಿತ್ತು. ಗ್ರಿಫೋನಿಯಾ ಗಿಡದ ಬೀಜದಿಂದ ಬರುವ ಜಿಎಸ್-2 ಮಾತ್ರ ಕೋಶಕೇಂದ್ರದ ಪಕ್ಕದಲ್ಲಿ ಒಂದು ಸಣ್ಣ ಪಟ್ಟಿಯಾಗಿ ಹೊಳೆಯುತ್ತಿತ್ತು. ಅದೇ ಗಾಲ್ಜಿ, ಪ್ರೋಟೀನ್‌ಗಳನ್ನು ತಿದ್ದಿ ಮುಂದೆ ಕಳಿಸುವ ಪೊರೆಪದರಗಳ ರಾಶಿ. ಉಳಿದ ಕಡೆ ಹೆಚ್ಚುಕಡಿಮೆ ಕಪ್ಪು. ಆ ಕಪ್ಪು ಯಾಕೆ ಅನ್ನುವುದನ್ನೇ ಇವತ್ತು ಬರೆದಿಡಬೇಕು ಅನ್ನಿಸಿತು.

ಹೊಸದಾಗಿ ತಯಾರಾಗುವ ಅನೇಕ ಪ್ರೋಟೀನ್‌ಗಳಿಗೆ ಕೋಶದೊಳಗಿನ ಪೊರೆಗಳ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲೇ 14 ಸಕ್ಕರೆಗಳ ಒಂದು ಕೊಂಬೆ ಒಟ್ಟಿಗೆ ಅಂಟಿಕೊಳ್ಳುತ್ತದೆ: 2 ಎನ್-ಅಸಿಟೈಲ್‌ಗ್ಲುಕೋಸಮೀನ್, 9 ಮ್ಯಾನೋಸ್, 3 ಗ್ಲುಕೋಸ್. (ಮೊದಲನೆಯದನ್ನು ಮುಂದೆ ಚಿಕ್ಕದಾಗಿ ಗ್ಲುಕೋಸಮೀನ್ ಅನ್ನುತ್ತೇನೆ.) ಗ್ಲುಕೋಸ್‌ಗಳು ಅಲ್ಲೇ ಉದುರುತ್ತವೆ. ಗಾಲ್ಜಿಗೆ ಬಂದ ಮೇಲೆ ಮ್ಯಾನೋಸ್‌ಗಳನ್ನು 5ಕ್ಕೆ ಇಳಿಸಿ, ಒಂದು ಗ್ಲುಕೋಸಮೀನ್ ಸೇರಿಸಿ, ಇನ್ನೆರಡು ಮ್ಯಾನೋಸ್ ಕತ್ತರಿಸಿ, ಮತ್ತೆ ಗ್ಲುಕೋಸಮೀನ್ ಸೇರಿಸುತ್ತಾರೆ ಕಿಣ್ವಗಳು. (ಸೇರಿಸುತ್ತಾರೆ ಅಂತಲೇ ಬರೆಯುತ್ತೇನೆ, ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವವರನ್ನು ಜಡವಸ್ತು ಅನ್ನಲು ಮನಸ್ಸಾಗುವುದಿಲ್ಲ.) ಆಮೇಲೆ ಅದರ ಮೇಲೆ ಗ್ಯಾಲಕ್ಟೋಸ್, ಕೊನೆಗೆ ಸಿಯಾಲಿಕ್ ಆಮ್ಲ ಕೂರುತ್ತವೆ.

ಅಂದರೆ ಗ್ಲುಕೋಸಮೀನ್ ತುದಿಯಲ್ಲಿ ಬಯಲಾಗಿರುವುದು ಸ್ವಲ್ಪ ಹೊತ್ತು ಮಾತ್ರ. ಗ್ಯಾಲಕ್ಟೋಸ್ ಬಂದು ಕೂತರೆ ಅದು ಮುಚ್ಚಿಹೋಗುತ್ತದೆ. ಜಿಎಸ್-2 ಹುಡುಕುವುದು ತುದಿಯಲ್ಲಿರುವ ಗ್ಲುಕೋಸಮೀನನ್ನೇ. ಕೋಶದ ಹೊರಮೈ ಸೇರಿದ, ಪೂರ್ತಿ ಸಿದ್ಧವಾದ ಪ್ರೋಟೀನಿನಲ್ಲಿ ಅದಕ್ಕೆ ಹಿಡಿಯಲು ಬಹಳ ಕಡಿಮೆ ಸಿಗುತ್ತದೆ. ಅದಕ್ಕೇ ಹೊರಮೈ ಕಪ್ಪು. ನಾನು ನೋಡುತ್ತಿದ್ದ ಪಟ್ಟಿ ಗಾಲ್ಜಿಯ ಚಿತ್ರ ಅನ್ನುವುದಕ್ಕಿಂತ ಅಲ್ಲಿ ನಡುದಾರಿಯಲ್ಲಿರುವ ಕೆಲಸದ ಚಿತ್ರ. ಕಿಣ್ವವನ್ನೇ ಗುರುತಿಸಿ ಅಂಟುವ ಆ್ಯಂಟಿಬಾಡಿ ಹಾಕಿದರೆ ಕಿಣ್ವ ಎಲ್ಲಿದೆ ಅನ್ನುವುದು ತಿಳಿಯುತ್ತದೆ, ಅದು ಕೆಲಸ ಮಾಡಿದೆಯೇ ಅನ್ನುವುದು ತಿಳಿಯುವುದಿಲ್ಲ. ಲೆಕ್ಟಿನ್ ತೋರಿಸುವುದು ಆ ಕೆಲಸದ ಫಲವನ್ನು. ಲೆಕ್ಟಿನ್ ಹಳೆಯ ಕಾಲದ ಬಣ್ಣ, ಈಗ ಆ್ಯಂಟಿಬಾಡಿಯೇ ಸಾಕು ಅನ್ನುವವರ ಮಾತು ಇದೇ ಕಾರಣಕ್ಕೆ ನನಗೆ ಒಪ್ಪಿಗೆಯಾಗುವುದಿಲ್ಲ.

ಹಳೆಯದು ಅನ್ನುವುದು ನಿಜವೇ. ಔಡಲ ಬೀಜದ ಸಾರ ಕೆಂಪು ರಕ್ತಕಣಗಳನ್ನು ಗುಂಪುಗೂಡಿಸುತ್ತದೆ ಅಂತ ಹರ್ಮನ್ ಸ್ಟಿಲ್‌ಮಾರ್ಕ್ ತೋರಿಸಿದ್ದು 1888ರಲ್ಲಿ. ಕ್ಯಾಮಿಲೊ ಗಾಲ್ಜಿ ಬೆಳ್ಳಿ ಲವಣದ ಬಣ್ಣದಿಂದ ನರಕೋಶದೊಳಗೆ ಬಲೆಯಂಥ ರಚನೆ ಕಂಡು ಪ್ರಕಟಿಸಿದ್ದು 1898ರಲ್ಲಿ. ಈ ಎರಡು ದಾರಿಗಳು ಕೂಡಿಕೊಳ್ಳಲು ಬಹಳ ಕಾಲ ಬೇಕಾಯಿತು. 1984ರಲ್ಲಿ ಯೂರ್ಗನ್ ರೋತ್ ಬಸವನಹುಳುವಿನ ಲೆಕ್ಟಿನ್ ಮತ್ತು ಚಿನ್ನದ ಕಣ ಬಳಸಿ, ಕರುಳಿನ ಲೋಳೆ ಸುರಿಸುವ ಕೋಶಗಳಲ್ಲಿ ತುದಿಯ ಎನ್-ಅಸಿಟೈಲ್‌ಗ್ಯಾಲಕ್ಟೋಸಮೀನ್ ಗಾಲ್ಜಿಯ ಪ್ರವೇಶದ ಬದಿಯಲ್ಲಿದೆ ಅಂತ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಲೋಳೆಯ ಪ್ರೋಟೀನಿಗೆ ಬೀಳುವ ಮೊದಲ ಸಕ್ಕರೆ ಅದು. ನನ್ನ ಬೆಳಕಿನ ಮೈಕ್ರೋಸ್ಕೋಪಿಗೆ ಇಷ್ಟು ಸೂಕ್ಷ್ಮ ಸಾಧ್ಯವಿಲ್ಲ. ಅದು ಬಿಡಿಸಿ ತೋರಿಸಬಲ್ಲದ್ದು ಸುಮಾರು 200 ನ್ಯಾನೋಮೀಟರ್, ಗಾಲ್ಜಿಯ ಒಂದೊಂದು ಪದರದ ದಪ್ಪ ಕೆಲವೇ ಹತ್ತು ನ್ಯಾನೋಮೀಟರ್. ಪ್ರವೇಶದ ಬದಿ ಯಾವುದು, ನಿರ್ಗಮನದ ಬದಿ ಯಾವುದು ಅಂತ ಈ ಚಿತ್ರಗಳ ಮೇಲೆ ಬರೆಯಲು ನನಗೆ ಅಧಿಕಾರವಿಲ್ಲ.

ಗೋಧಿ ಮೊಳಕೆಯ ಲೆಕ್ಟಿನ್ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಅದು ಗ್ಲುಕೋಸಮೀನನ್ನೂ ಹಿಡಿಯುತ್ತದೆ, ಸಿಯಾಲಿಕ್ ಆಮ್ಲವನ್ನೂ ಹಿಡಿಯುತ್ತದೆ. ಗಾಲ್ಜಿ, ಹೊರಪೊರೆ ಎರಡೂ ಬೆಳಗುತ್ತವೆ. ಜೊತೆಗೆ ಕೋಶಕೇಂದ್ರದ ಸುತ್ತ ಚೆಂದದ ಉಂಗುರ! ಅದಕ್ಕೂ ಗಾಲ್ಜಿಗೂ ಸಂಬಂಧವಿಲ್ಲ. ಕೇಂದ್ರಪೊರೆಯ ರಂಧ್ರಗಳ ಪ್ರೋಟೀನ್‌ಗಳ ಮೇಲೆ ಒಂಟಿ ಗ್ಲುಕೋಸಮೀನ್ ಇರುತ್ತದೆ, ಅದನ್ನು ಅಂಟಿಸುವ ಕಿಣ್ವವೇ ಬೇರೆ.

ಆದ್ದರಿಂದ ಸಕ್ಕರೆ ಬೆರೆಸಿದ ಹೋಲಿಕೆ ಸ್ಲೈಡ್ ಇಲ್ಲದ ಲೆಕ್ಟಿನ್ ಚಿತ್ರವನ್ನು ನಾನು ನಂಬುವುದಿಲ್ಲ. ಕಾನ್‌ಕನಾವಲಿನ್-ಎ ಜೊತೆ ಮಿಥೈಲ್ ಮ್ಯಾನೋಸೈಡ್ (ಮ್ಯಾನೋಸಿನ ಒಂದು ರೂಪ) ಧಾರಾಳವಾಗಿ ಬೆರೆಸಿದರೆ ಲೆಕ್ಟಿನ್ ಅದನ್ನೇ ಹಿಡಿದು ಹೊಳಪು ಹೋಗಬೇಕು, ಜಿಎಸ್-2 ಜೊತೆ ಎನ್-ಅಸಿಟೈಲ್‌ಗ್ಲುಕೋಸಮೀನ್ ಬೆರೆಸಿದರೂ ಹಾಗೆಯೇ. ಲೆಕ್ಟಿನ್ ಬೇಡದ ಕಡೆ ಅಂಟದಂತೆ ಬ್ಲಾಕ್ ಮಾಡಲು ಸೀರಮ್ ಬೇಡ, ಅದರ ತುಂಬ ಸಕ್ಕರೆ ಹೊತ್ತ ಪ್ರೋಟೀನ್‌ಗಳೇ. ಶುದ್ಧ ಆಲ್ಬುಮಿನ್ ಸಾಕು. ಕಾನ್‌ಕನಾವಲಿನ್‌ಗೆ ಕ್ಯಾಲ್ಸಿಯಂ, ಮ್ಯಾಂಗನೀಸ್ ಬೇಕು, ಹಾಗಾಗಿ ಬಫರ್‌ನಲ್ಲಿ ಆ ಲೋಹಗಳನ್ನು ಕಿತ್ತುಕೊಳ್ಳುವ ಇಡಿಟಿಎ ಇರಬಾರದು. ಒಂದೇ ಸ್ಲೈಡಿಗೆ ಆ್ಯಂಟಿಬಾಡಿಯನ್ನೂ ಹಾಕುವವರು ನೆನಪಿಡಬೇಕಾದ್ದು ಇನ್ನೊಂದಿದೆ: ಆ್ಯಂಟಿಬಾಡಿಯ ಮೈಮೇಲೂ ಸಕ್ಕರೆ ಕೊಂಬೆಗಳಿವೆ, ಎಷ್ಟೋ ಸಲ ಅವುಗಳ ತುದಿಯಲ್ಲಿ ಇದೇ ಗ್ಲುಕೋಸಮೀನ್. ಲೆಕ್ಟಿನ್ ಹೋಗಿ ಅದರ ಮೇಲೆಯೇ ಕೂತರೆ ಎರಡು ಬಣ್ಣಗಳು ಒಂದೇ ಜಾಗದಲ್ಲಿ ಕಾಣುತ್ತವೆ, ಕೋಶದಲ್ಲಿ ಮಾತ್ರ ಅಂಥದ್ದೇನೂ ಇರುವುದಿಲ್ಲ.

ಇವತ್ತಿನ ಹೋಲಿಕೆ ಸ್ಲೈಡ್‌ಗಳು ಕಪ್ಪಾಗಿ ಬಂದಿವೆ. ಆ ಸಮಾಧಾನದಲ್ಲಿ ಸಂಜೆ ಹೊಸ ತಟ್ಟೆಗೆ ಕಿಫುನೆನ್‌ಸೀನ್ ಹಾಕಿ ಬಂದೆ, ರಾತ್ರಿಯಿಡೀ ಇರಲಿ ಅಂತ. ಮ್ಯಾನೋಸ್ ಕತ್ತರಿಸುವ ಮೊದಲ ಹಂತವನ್ನೇ ಅದು ತಡೆಯುತ್ತದೆ. ಮ್ಯಾನೋಸ್ 5ಕ್ಕೆ ಇಳಿಯದಿದ್ದರೆ ಗ್ಲುಕೋಸಮೀನ್ ಸೇರಿಸುವ ಕಿಣ್ವಕ್ಕೆ ಕೆಲಸವಿಲ್ಲ. ನಾಳೆ ಜಿಎಸ್-2 ಪಟ್ಟಿ ಮಂಕಾಗಬೇಕು, ಕಾನ್‌ಕನಾವಲಿನ್ ಹೊರಪೊರೆಯ ಮೇಲೂ ಗಾಢವಾಗಬೇಕು. ಪಟ್ಟಿ ಪೂರ್ತಿ ಅಳಿಯದೆ ಸ್ವಲ್ಪ ಉಳಿದರೆ ಬೇರೆ ಬಗೆಯ ಕೊಂಬೆಗಳನ್ನು, ಪ್ರೋಟೀನಿನ ಸೆರೀನ್ ಮತ್ತು ಥ್ರಿಯೋನೀನ್ ಎಂಬ ಅಮೈನೋ ಆಮ್ಲಗಳಿಗೆ ಅಂಟಿದವನ್ನು, ಅನುಮಾನಿಸುತ್ತೇನೆ. ಅವು ಈ ಔಷಧಿಗೆ ಬಗ್ಗುವುದಿಲ್ಲ.