ನಿಂತಲ್ಲೇ ಇರಬೇಕೆಂದಾದರೆ ಇಷ್ಟೆಲ್ಲ ಕಲಿಯುವುದೇಕೆ?

ಕಾಡು ಬೆಟ್ಟಗಳಲ್ಲಿ ಜೀವ ಉಳಿಸಿಕೊಳ್ಳುವ ವಿದ್ಯೆಯನ್ನು ಹೊಸಬರಿಗೆ ಹೇಳಿಕೊಡಲು ಆರಂಭಿಸಿ ಹಲವು ವರ್ಷಗಳಾದವು. ಬೆಂಕಿ ಹೊತ್ತಿಸುವುದು, ಆಸರೆ ಕಟ್ಟುವುದು, ನೀರು ಹುಡುಕಿ ಕುಡಿಯಲು ತಕ್ಕದ್ದಾಗಿ ಮಾಡುವುದು, ನಕ್ಷೆ ಓದುವುದು, ಇವನ್ನೆಲ್ಲ ಕಲಿಸಿ ಮುಗಿಸುವ ಹೊತ್ತಿಗೆ, "ದಾರಿ ತಪ್ಪಿದೆ ಎಂದು ಗೊತ್ತಾದ ಕೂಡಲೇ ನಿಂತಲ್ಲೇ ನಿಲ್ಲಿ" ಎಂದು ಹೇಳುತ್ತೇನೆ. ಆಗ ಗುಂಪಿನಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಕೊನೆಗೆ ಕೂತು ಕಾಯುವುದೇ ಉಪಾಯವಾದರೆ ಇಷ್ಟೆಲ್ಲ ಕಲಿತದ್ದು ಏತಕ್ಕೆ? ಕೂರುವುದಕ್ಕೂ ತರಬೇತಿ ಬೇಕೇ?" ಪ್ರಶ್ನೆ ತಮಾಷೆಯ ಧಾಟಿಯಲ್ಲಿ ಬಂದರೂ ಅದರಲ್ಲಿ ಹುರುಳಿದೆ. ಕಲಿತ ವಿದ್ಯೆಯ ಬಹುಪಾಲು ಬೇಕಾಗುವುದು ಕೂರುವುದಕ್ಕೇ ಎಂಬುದು ನನ್ನ ಉತ್ತರ. ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ನಾನು ಇದನ್ನು ಕಲಿತದ್ದು ಪಾಠದಿಂದಲ್ಲ. ಒಮ್ಮೆ ಒಬ್ಬನೇ ಒಂದು ಬೆಟ್ಟದ ಸಾಲಿನಿಂದ ಇಳಿಯುತ್ತಿದ್ದಾಗ ಮಂಜು ಕವಿದು ಕಾಲುದಾರಿ ಕಣ್ಮರೆಯಾಯಿತು. ಇಳಿಜಾರಿನಲ್ಲೇ ಹೋದರೆ ಎಲ್ಲಾದರೂ ದಾರಿ ಸಿಕ್ಕೀತು ಎಂದುಕೊಂಡು ನಡೆದೆ. ಸಿಗದಿದ್ದಾಗ ಇನ್ನಷ್ಟು ಬೇಗ ನಡೆದೆ. ಸುಮಾರು ಒಂದೂವರೆ ಗಂಟೆಯ ಮೇಲೆ, ಅಡ್ಡ ಬಿದ್ದಿದ್ದ ಒಂದು ದೊಡ್ಡ ಮರ ಎದುರಾಯಿತು. ಅದರ ಮೇಲಿನ ಹಸಿರು ಪಾಚಿಯಲ್ಲಿ ಅಂಗೈಯಗಲದ ಒಂದು ಗುಳಿ ಬಿದ್ದಿತ್ತು. ಪಾಚಿಯ ಎಳೆಗಳು ಇನ್ನೂ ಮೇಲೇಳುತ್ತಿದ್ದವು. ಶೂ ಲೇಸು ಕಟ್ಟಿಕೊಳ್ಳಲು ಮೊಣಕಾಲೂರಿ ನಾನೇ ಮಾಡಿದ ಗುರುತು ಅದು. ಅದನ್ನು ನೋಡಿದ ಕ್ಷಣದಲ್ಲಿ ಹೊಟ್ಟೆಯೊಳಗೆ ಏನೋ ಜಾರಿದಂತಾಯಿತು. ಆದರೂ, ಈಗ ಹೇಳಲು ನಾಚಿಕೆಯಾಗುತ್ತದೆ, ನನಗೆ ಮೊದಲು ತೋಚಿದ್ದು ಮತ್ತೊಂದು ದಿಕ್ಕಿನಲ್ಲಿ ನಡೆದು ನೋಡೋಣ ಎಂದೇ. ಕಾಲುಗಳು ಆಗ ನನ್ನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಇದು ನನ್ನೊಬ್ಬನ ದಡ್ಡತನವಲ್ಲ. ಜರ್ಮನಿಯ ಟ್ಯೂಬಿಂಗೆನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಸ್ವಯಂಸೇವಕರನ್ನು ಕಾಡಿನಲ್ಲಿಯೂ ಸಹಾರಾ ಮರುಭೂಮಿಯಲ್ಲಿಯೂ ನೇರವಾಗಿ ನಡೆಯಲು ಹೇಳಿ, ಅವರು ಹೋದ ಜಾಡನ್ನು ಜಿಪಿಎಸ್ ಮೂಲಕ ಗುರುತಿಸಲಾಯಿತು. ಸೂರ್ಯ ಕಾಣುತ್ತಿದ್ದಾಗ ಕಾಡಿನಲ್ಲಿ ನಡೆದವರು ಬಹುಮಟ್ಟಿಗೆ ನೇರವಾಗಿಯೇ ನಡೆದರು. ಮೋಡ ಕವಿದ ದಿನ ನಡೆದವರೆಲ್ಲ ಸುತ್ತು ಹಾಕಿದರು, ಅವರಲ್ಲಿ ಹೆಚ್ಚಿನವರು ತಾವೇ ತುಳಿದ ಜಾಡನ್ನು ತಾವೇ ಅರಿಯದೆ ದಾಟಿದರು. ಕಣ್ಣಿಗೆ ಬಟ್ಟೆ ಕಟ್ಟಿ ನಡೆಸಿದಾಗ ಆ ಸುತ್ತಿನ ವ್ಯಾಸ ಕೆಲವೊಮ್ಮೆ 20 ಮೀಟರಿಗೂ ಇಳಿಯಿತು. ಒಂದು ಕಾಲು ಗಿಡ್ಡ ಇನ್ನೊಂದು ಉದ್ದ ಇರುವುದೇ ಇದಕ್ಕೆ ಕಾರಣ ಎಂಬ ಹಳೆಯ ನಂಬಿಕೆಗೆ ಅಲ್ಲಿ ಆಧಾರ ಸಿಗಲಿಲ್ಲ, ಏಕೆಂದರೆ ಒಬ್ಬನೇ ವ್ಯಕ್ತಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತಿದ್ದ. ಹೊರಗಿನ ಗುರುತು ಇಲ್ಲದಾಗ 'ನೇರ' ಎಂಬ ಅರಿವೇ ಹೆಜ್ಜೆಹೆಜ್ಜೆಗೂ ಸ್ವಲ್ಪ ಸ್ವಲ್ಪ ಜಾರುತ್ತದೆ.

ಇನ್ನು ಹುಡುಕುವವರ ಕಡೆಯಿಂದ ನೋಡಿದರೆ ಲೆಕ್ಕ ಇನ್ನೂ ಕಠಿಣವಾಗಿದೆ. ನೀವು ಕೊನೆಯದಾಗಿ ಕಾಣಿಸಿಕೊಂಡ ಸ್ಥಳದಿಂದ ಗಂಟೆಗೆ 3 ಕಿ.ಮೀ. ವೇಗದಲ್ಲಿ ಯಾವ ದಿಕ್ಕಿಗಾದರೂ ಹೋಗಿರಬಹುದು ಎಂದಿಟ್ಟುಕೊಂಡರೆ, ಒಂದು ಗಂಟೆಯ ನಂತರ ಅವರು ಹುಡುಕಬೇಕಾದ ಜಾಗ ಸುಮಾರು 28 ಚದರ ಕಿ.ಮೀ. ಎರಡು ಗಂಟೆಯ ನಂತರ ಅದು ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗಿ 113 ಚದರ ಕಿ.ಮೀ. ಮುಟ್ಟುತ್ತದೆ, ಮೂರು ಗಂಟೆಗೆ 254. ನಿಮ್ಮ ಹೆಜ್ಜೆಗಳು ಒಂದು ಗೆರೆಯಲ್ಲಿ ಸಾಗುತ್ತಿದ್ದರೆ ಅವರ ಕೆಲಸ ವೃತ್ತದಲ್ಲಿ ಹಿಗ್ಗುತ್ತಿರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಅವರು ಹುಡುಕಿ ಮುಗಿಸಿ ಬಿಟ್ಟುಹೋದ ಜಾಗಕ್ಕೆ ನೀವು ಆಮೇಲೆ ನಡೆದು ಬರುವುದು.

ಹಾಗಾದರೆ ಕೂರೋಣ. ಕೂತ ಹತ್ತು ನಿಮಿಷಕ್ಕೆ ಬೆವರು ಆರಿ ಬೆನ್ನು ತಣ್ಣಗಾಗುತ್ತದೆ, ಬೆಳಕು ಕಡಿಮೆಯಾಗುತ್ತದೆ, ಮತ್ತೆ ಎದ್ದು ಹೊರಡುವ ಮನಸ್ಸಾಗುತ್ತದೆ. ಕಲಿತ ವಿದ್ಯೆ ಕೆಲಸಕ್ಕೆ ಬರುವುದು ಇಲ್ಲಿ. ಈ ಕ್ಷೇತ್ರದವರು ಬಳಸುವ ಅಂದಾಜಿನ ಲೆಕ್ಕವೊಂದಿದೆ: ಗಾಳಿಯಿಲ್ಲದೆ 3 ನಿಮಿಷ, ಕೆಟ್ಟ ಹವೆಯಲ್ಲಿ ಆಸರೆಯಿಲ್ಲದೆ 3 ಗಂಟೆ, ನೀರಿಲ್ಲದೆ 3 ದಿನ, ಊಟವಿಲ್ಲದೆ 3 ವಾರ. ಇದು ಕರಾರುವಾಕ್ಕಾದ ಅಳತೆಯಲ್ಲ, ಆದರೆ ಯಾವುದು ಮೊದಲು ಎಂಬುದನ್ನು ಚೆನ್ನಾಗಿ ತಿಳಿಸುತ್ತದೆ. ಕಲಿಯಲು ಬರುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ತಿನ್ನಲು ಬರುವ ಸೊಪ್ಪು, ಕಾಯಿಗಳ ಬಗ್ಗೆ. ಆ ವಿಷಯವನ್ನು ನಾನು ಬೇಗನೆ ಮುಗಿಸಿಬಿಡುತ್ತೇನೆ. ದಾರಿ ತಪ್ಪಿದ ಮೊದಲ ಎರಡು ಮೂರು ದಿನ ಹಸಿವು ಕಿರಿಕಿರಿ ಮಾತ್ರ. ಗುರುತು ತಪ್ಪಿ ತಿಂದ ಕಾಯಿ ವಾಂತಿ ಭೇದಿ ತಂದರೆ ಮೈಯ ನೀರು ಹೋಗುತ್ತದೆ, ಅದು ಅಪಾಯ.

ಚಳಿಯ ವಿಷಯಕ್ಕೆ ಮಾತ್ರ ನಾನು ಬಹಳ ಹೊತ್ತು ತೆಗೆದುಕೊಳ್ಳುತ್ತೇನೆ. ಮೈಯೊಳಗಿನ ಶಾಖ 35 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದರೆ ಅದು ಅಪಾಯದ ಸ್ಥಿತಿ. ಅದಕ್ಕೆ ಹಿಮವೇ ಬೀಳಬೇಕೆಂದಿಲ್ಲ. ಒದ್ದೆ ಬಟ್ಟೆ, ಗಾಳಿ ಮತ್ತು ದಣಿವು ಸೇರಿದರೆ ಸಾಧಾರಣ ಚಳಿಯಲ್ಲಿಯೂ ಆದೀತು. ಮೊದಲು ನಡುಕ, ಆಮೇಲೆ ಬೆರಳುಗಳು ಗುಂಡಿ ಹಾಕಲು ಒಲ್ಲವು, ನಾಲಿಗೆ ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ನಡುಕ ತಾನಾಗಿ ನಿಂತರೆ ಚಳಿ ಕಳೆಯಿತೆಂದು ತಿಳಿಯಬಾರದು, ಮೈ ಸೋಲುತ್ತಿದೆ ಎಂದು ತಿಳಿಯಬೇಕು. ಬುದ್ಧಿಯೂ ಕೈಯೂ ಸರಿಯಾಗಿರುವಾಗಲೇ ಆಸರೆ ಕಟ್ಟಿ ಮುಗಿಸಬೇಕಾದದ್ದು ಇದೇ ಕಾರಣಕ್ಕೆ. ಸೂರ್ಯ ಮತ್ತು ದಿಗಂತದ ನಡುವೆ ಚಾಚಿದ ಕೈಯ ಬೆರಳುಗಳನ್ನು ಅಡ್ಡ ಹಿಡಿದು ನೋಡಿದರೆ, ಬೆರಳಿಗೆ ಸುಮಾರು ಕಾಲು ಗಂಟೆಯಂತೆ ಉಳಿದ ಹಗಲನ್ನು ಅಳೆಯಬಹುದು. ನಾಲ್ಕು ಬೆರಳು ಉಳಿದಿದ್ದರೆ ಇನ್ನು ಒಂದು ಗಂಟೆ ಬೆಳಕಿದೆ. ಅದನ್ನು ನಡಿಗೆಗೆ ಖರ್ಚು ಮಾಡಬಾರದು.

ಅಭ್ಯಾಸಕ್ಕೆಂದು ನಾನು ಮೊದಲ ಸಲ ಗುಡಾರವಿಲ್ಲದೆ ರಾತ್ರಿ ಕಳೆದಾಗ ಕೊಂಬೆಗಳ ಚೌಕಟ್ಟಿನ ಮೇಲೆ ತರಗೆಲೆಯನ್ನು ಮೊಳಕೈ ಆಳದಷ್ಟು ಹೊದಿಸಿ, ಅಂದವಾದ ಗೂಡು ಕಟ್ಟಿ, ಹೆಮ್ಮೆಯಿಂದ ಒಳಗೆ ತೂರಿದೆ. ಕೆಳಗೆ ಹಾಸಿದ್ದು ನಾಲ್ಕು ಬೆರಳಿನಷ್ಟು ಎಲೆ. ಮಲಗಿದ ಕೂಡಲೇ ಅದು ಅಪ್ಪಚ್ಚಿಯಾಗಿ ಒಂದು ಬೆರಳಿಗಿಳಿಯಿತು. ನಡುರಾತ್ರಿಯ ಹೊತ್ತಿಗೆ ಸೊಂಟ ಮತ್ತು ಭುಜ ಮುಟ್ಟಿದ ಕಡೆಯೆಲ್ಲ ನೆಲ ಶಾಖವನ್ನು ಹೀರುತ್ತಿತ್ತು; ಮಗ್ಗುಲು ಬದಲಿಸಿದರೆ ಆ ಮಗ್ಗುಲೂ ಹಾಗೆಯೇ. ಕೊನೆಗೆ ಕತ್ತಲಲ್ಲಿ ತಡಕಾಡಿ ನನ್ನ ಮೇಲ್ಛಾವಣಿಯನ್ನೇ ಕಿತ್ತು ಕೆಳಗೆ ಹಾಸಿಕೊಂಡು, ಕೂತು ಬೆಳಗು ಮಾಡಿದೆ. ಹೊದಿಕೆಗಿಂತ ಹಾಸಿಗೆ ಮುಖ್ಯ ಎಂದು ಅದಕ್ಕೂ ಮುಂಚೆ ಹತ್ತು ಸಲ ಓದಿದ್ದೆ. ಮೈಗೆ ಗೊತ್ತಾದದ್ದು ಅಂದು. ಎರಡು ನೂರು ಹೆಜ್ಜೆಯ ಆಚೆ ರಸ್ತೆಯಿರುವ ಜಾಗದಲ್ಲಿ, ಜೊತೆಗೊಬ್ಬರನ್ನು ಇಟ್ಟುಕೊಂಡು ಇಂಥ ಒಂದು ರಾತ್ರಿ ಕಳೆದವರಿಗೆ ನಿಜವಾದ ಆಪತ್ತಿನಲ್ಲಿ ರಾತ್ರಿಯ ಭಯ ಅರ್ಧವಾಗುತ್ತದೆ.

ಬೆಂಕಿಯದೂ ಇದೇ ಮಾತು. ಕಡ್ಡಿಗೆ ಕಡ್ಡಿ ತಿಕ್ಕಿ ಕಿಡಿ ತೆಗೆಯುವುದನ್ನು ಎಲ್ಲರೂ ಕಲಿಯಬಯಸುತ್ತಾರೆ; ನನ್ನ ಸಲಹೆ, ಎರಡು ಲೈಟರನ್ನು ಬೇರೆ ಬೇರೆ ಜೇಬಿನಲ್ಲಿಟ್ಟುಕೊಂಡು, ಜಿಟಿಜಿಟಿ ಮಳೆಯ ದಿನ ಒದ್ದೆ ಸೌದೆಯ ಒಳತಿರುಳನ್ನು ಕೆತ್ತಿ, ಬೆಂಕಿಕಡ್ಡಿಯಷ್ಟು ಸಣ್ಣ ಪುರಲೆಯಿಂದ ಶುರುಮಾಡಿ ಉರಿಯೆಬ್ಬಿಸುವುದನ್ನು ಕಲಿಯಿರಿ. ಒಣಗಿದ ಕಾಡಿನಲ್ಲಿ, ಗಾಳಿಯ ದಿನ ಬೆಂಕಿ ಹಚ್ಚದೆ ಇರುವುದನ್ನೂ ಕಲಿಯಬೇಕು. ಈ ಕೆಲಸಗಳಿಂದ ಶಾಖದ ಜೊತೆಗೆ ಇನ್ನೊಂದು ಲಾಭವೂ ಇದೆ, ಅದನ್ನು ಬಹಳ ತಡವಾಗಿ ಗಮನಿಸಿದೆ. ಗಾಬರಿಯಾದಾಗ ಏನಾದರೂ ಮಾಡಲೇಬೇಕೆಂಬ ಒತ್ತಡ ಹುಟ್ಟುತ್ತದೆ, ಏನೂ ಬಾರದವನಿಗೆ ಮಾಡಲು ಉಳಿಯುವುದು ನಡಿಗೆಯೊಂದೇ. ಎಲೆ ಗುಡ್ಡೆ ಹಾಕಲು, ಪುರಲೆ ಆರಿಸಲು, ಸೌದೆ ಜೋಡಿಸಲು ಬಂದವನ ಕೈಗೆ ಕೆಲಸ ಸಿಗುತ್ತದೆ. ಕೈಗೆ ಕೆಲಸ ಸಿಕ್ಕರೆ ಕಾಲು ಸುಮ್ಮನಾಗುತ್ತದೆ.

ನಿಂತಲ್ಲೇ ಇರಿ ಎಂಬುದಕ್ಕೆ ಅಡಗಿಕೊಂಡಿರಿ ಎಂಬ ಅರ್ಥವಿಲ್ಲ. 2013ರ ಜುಲೈಯಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ, ಅಪಲೇಚಿಯನ್ ಕಾಲುದಾರಿಯಲ್ಲಿ ನಡೆಯುತ್ತಿದ್ದ 66 ವರ್ಷದ ಮಹಿಳೆಯೊಬ್ಬರು ದೇಹಬಾಧೆ ತೀರಿಸಿಕೊಳ್ಳಲು ಹಾದಿ ಬಿಟ್ಟು ಸರಿದವರು ಮರಳಿ ಹಾದಿ ಕಾಣದೆ ಹೋದರು. ಫೋನಿನಿಂದ ಕಳುಹಿಸಿದ ಸಂದೇಶಗಳು ಸಿಗ್ನಲ್ ಇಲ್ಲದೆ ತಲುಪಲಿಲ್ಲ. ಸಿಗ್ನಲ್ ಹುಡುಕುತ್ತ ಎತ್ತರಕ್ಕೆ ಹೋಗಿ, ಕೊನೆಗೆ ದಟ್ಟ ಮರಗಳ ನಡುವೆ ಗುಡಾರ ಹಾಕಿದರು. ದೊಡ್ಡ ಹುಡುಕಾಟವೇ ನಡೆದರೂ ಅವರು ಸಿಗಲಿಲ್ಲ. 2015ರಲ್ಲಿ ಅವಶೇಷಗಳು ದೊರೆತಾಗ, ಕನಿಷ್ಠ 26 ದಿನ ಅವರು ಜೀವಂತವಾಗಿದ್ದರೆಂದು ಅವರ ದಿನಚರಿಯಿಂದ ತಿಳಿಯಿತು. ಅವರು ಧೃತಿಗೆಟ್ಟವರಲ್ಲ, ಒಂದೆಡೆ ನೆಲೆ ನಿಂತವರು. ಆದರೆ ನೆಲೆ ನಿಂತ ಜಾಗ ಮೇಲಿನಿಂದ ಕಾಣುವಂಥದ್ದಾಗಿರಲಿಲ್ಲ. ಆದ್ದರಿಂದ ಹತ್ತಿರದಲ್ಲೇ ಆಕಾಶ ಕಾಣುವ ಬಯಲಿದ್ದರೆ, ದಾರಿಗೆ ಗುರುತು ಮಾಡಿಕೊಳ್ಳುತ್ತ ಅಲ್ಲಿಗೆ ಸರಿದು ಕೂರುವುದು ಒಳ್ಳೆಯದು. ಗಾಢ ಬಣ್ಣದ ಬಟ್ಟೆಯನ್ನು ಹರಡಿ. ಗಂಟಲು ಹರಿಯುವಂತೆ ಕೂಗುವ ಬದಲು ಸೀಟಿ ಊದಿ. ಮೂರು ಸಲ ಊದಿ ಬಿಡುವು ಕೊಡುವುದು ಆಪತ್ತಿನ ಸಂಕೇತವೆಂದು ಹಲವೆಡೆ ಗೊತ್ತು. 1981ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಲೊಮಾರ್ ಬೆಟ್ಟದಲ್ಲಿ 9 ವರ್ಷದ ಬಾಲಕನೊಬ್ಬ ಕಳೆದುಹೋಗಿ ಚಳಿಯಿಂದ ಸತ್ತ ಮೇಲೆ, ಹುಡುಕಲು ಹೋಗಿದ್ದವರೇ ಮಕ್ಕಳಿಗೆ ಹೇಳಿಕೊಡಲು ಆರಂಭಿಸಿದ ಪಾಠ 'ಮರವನ್ನು ತಬ್ಬಿಕೊ' ಎಂಬುದು. ತಬ್ಬಲು ಮರ ಸಿಕ್ಕ ಮಗು ಅಲೆಯುವುದಿಲ್ಲ. ದೊಡ್ಡವರಿಗೂ ಇದು ಒಪ್ಪುವ ಪಾಠ. ಬಿಗುಮಾನ ಅಡ್ಡ ಬರುತ್ತದೆ, ಅಷ್ಟೆ.

ಇಷ್ಟು ಹೇಳಿದ ಮೇಲೆ ಕಷ್ಟದ ಭಾಗಕ್ಕೆ ಬರಬೇಕು, ಏಕೆಂದರೆ ನಿಲ್ಲುವುದು ಯಾವಾಗಲೂ ಸರಿಯಲ್ಲ. ನಿಂತ ಜಾಗವೇ ಕೊಲ್ಲುವಂಥದ್ದಾದರೆ, ಅಂದರೆ ಮಳೆಗಾಲದ ಹಳ್ಳದ ಪಾತ್ರ, ಕಲ್ಲುರುಳುವ ಇಳಿಜಾರು, ಸಿಡಿಲಿನ ಹೊತ್ತಿನ ಬೋಳು ನೆತ್ತಿ, ಇವುಗಳಿಂದ ಕೂಡಲೇ ಸರಿಯಬೇಕೆಂಬುದರಲ್ಲಿ ವಾದವೇ ಇಲ್ಲ. ಹಾದಿ ಬಿಟ್ಟು ಐದು ಹತ್ತು ನಿಮಿಷವಷ್ಟೇ ಆಗಿದ್ದು ಬಂದ ಹೆಜ್ಜೆಗುರುತು ಸ್ಪಷ್ಟವಾಗಿ ಕಾಣುತ್ತಿದ್ದರೆ ಹಿಂದಿರುಗಬಹುದು. ಇವೆರಡನ್ನೂ ಬಿಟ್ಟರೆ, ಉಳಿಯಬೇಕೋ ಹೊರಡಬೇಕೋ ಎಂಬುದು ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ನನ್ನನ್ನು ಹುಡುಕಲು ಯಾರಾದರೂ ಬರುವರೇ?

1972ರ ಅಕ್ಟೋಬರ್ 13ರಂದು ಆಂಡೀಸ್ ಪರ್ವತದಲ್ಲಿ 45 ಜನರಿದ್ದ ಉರುಗ್ವೆಯ ವಿಮಾನವೊಂದು ಬಿದ್ದಿತು. ಬದುಕುಳಿದವರು ವಿಮಾನದ ಬಳಿಯೇ ಉಳಿದದ್ದು ಸರಿಯಾದ ನಿರ್ಧಾರವೇ, ಆದರೆ ಬಿಳಿಯ ವಿಮಾನ ಹಿಮದ ನಡುವೆ ಮೇಲಿನವರಿಗೆ ಕಾಣಲಿಲ್ಲ. ಹುಡುಕಾಟ ನಿಲ್ಲಿಸಲಾಗಿದೆ ಎಂಬ ಸುದ್ದಿಯನ್ನು ಅವರು ಸಣ್ಣ ರೇಡಿಯೋವೊಂದರಲ್ಲಿ ತಾವೇ ಕೇಳಿದರು. ಕಾಯುವುದಕ್ಕಿದ್ದ ಕಾರಣ ಆ ಗಳಿಗೆಯಲ್ಲಿ ಮುಗಿಯಿತು. ಹಾಗೆಂದು ಅವರು ಮರುದಿನವೇ ಹೊರಟುಬಿಡಲಿಲ್ಲ. ಹವೆ ತಿಳಿಯಾಗುವವರೆಗೆ ಕಾದು, ವಿಮಾನದೊಳಗೆ ಸಿಕ್ಕ ಶಾಖನಿರೋಧಕ ಹೊದಿಕೆಯನ್ನು ಹೊಲಿದು ಮಲಗುವ ಚೀಲ ಮಾಡಿಕೊಂಡು, ಡಿಸೆಂಬರ್ 12ರಂದು ಅವರಲ್ಲಿ ಕೆಲವರು ಹೊರಟರು. ನ್ಯಾಂಡೊ ಪರಾಡೊ ಮತ್ತು ರೊಬೆರ್ಟೊ ಕನೆಸ್ಸಾ ಸುಮಾರು ಹತ್ತು ದಿನ ನಡೆದು ಮನುಷ್ಯರನ್ನು ಕಂಡರು. ಒಟ್ಟು 16 ಮಂದಿ ಉಳಿದರು. ತಾವು ಎಲ್ಲಿದ್ದೇವೆ ಎಂಬ ಅವರ ಅಂದಾಜು ತಪ್ಪಾಗಿತ್ತು ಎಂಬುದನ್ನೂ ಗಮನಿಸಬೇಕು. ಪಶ್ಚಿಮಕ್ಕೆ ಸ್ವಲ್ಪ ನಡೆದರೆ ತಪ್ಪಲು ಸಿಗುತ್ತದೆಂದು ನಂಬಿ ಹತ್ತಿದ ಶಿಖರದ ಆಚೆ ಕಂಡದ್ದು ಮತ್ತಷ್ಟು ಶಿಖರಗಳು.

ಅದಕ್ಕೂ ಹಿಂದಿನ ವರ್ಷ, 1971ರ ಡಿಸೆಂಬರ್ 24ರಂದು, ಪೆರುವಿನ ಮಳೆಕಾಡಿನ ಮೇಲೆ ಒಡೆದುಹೋದ ವಿಮಾನದಿಂದ ಬಿದ್ದು ಬದುಕಿದ 17 ವರ್ಷದ ಜೂಲಿಯಾನೆ ಕೋಪ್ಕೆ ಕಾಯಲಿಲ್ಲ. ಮರಗಳ ಮೇಲ್ಚಾವಣಿಯ ಕೆಳಗಿದ್ದ ಆಕೆಯನ್ನು ಮೇಲಿನಿಂದ ಕಾಣುವಂತಿರಲಿಲ್ಲ. ತಂದೆ ಕಲಿಸಿದ್ದಂತೆ ತೊರೆ ಹಿಡಿದು ಹರಿವಿನ ಜೊತೆಗೆ ಇಳಿದು, 11ನೆಯ ದಿನ ಮನುಷ್ಯರ ಕೈಸೇರಿದಳು. ಈ ಕಥೆ ಕೇಳಿದವರೆಲ್ಲ 'ದಾರಿ ತಪ್ಪಿದರೆ ನೀರು ಹಿಡಿದು ಹೋಗು' ಎಂಬುದನ್ನೇ ಮಂತ್ರವಾಗಿಸಿಕೊಳ್ಳುತ್ತಾರೆ, ಅಲ್ಲಿ ನನಗೆ ತಕರಾರಿದೆ. ಆಕೆ ಆ ಕಾಡಿನ ಸಂಶೋಧನಾ ಕೇಂದ್ರದಲ್ಲಿ ತಂದೆತಾಯಿಯ ಜೊತೆ ಬದುಕಿದವಳು, ನೆಲ ಸಮತಟ್ಟಾದದ್ದು. ಕಡಿದಾದ ಬೆಟ್ಟದಲ್ಲಿ ಅದೇ ತೊರೆ ನಿಮ್ಮನ್ನು ಜಾರುಬಂಡೆಗೂ ಜಲಪಾತದ ನೆತ್ತಿಗೂ ಕರೆದೊಯ್ಯುತ್ತದೆ, ಮುಂದೆ ಇಳಿಯಲೂ ಹಿಂದೆ ಹತ್ತಲೂ ಆಗದ ಜಾಗಕ್ಕೆ.

ಹೊರಡಲೇಬೇಕಾಗಿ ಬಂದರೆ ಹಗಲಿನಲ್ಲಿ ಹೊರಡಿ, ಹೊರಟ ಸಮಯ ಮತ್ತು ದಿಕ್ಕನ್ನು ಬರೆದು ಅಥವಾ ಕಲ್ಲಿನಲ್ಲಿ ಬಾಣ ಜೋಡಿಸಿ ಅಲ್ಲೇ ಬಿಡಿ, ಮರಳಿ ಅದೇ ಜಾಗಕ್ಕೆ ಬರುವಂತೆ ಗುರುತು ಮಾಡುತ್ತ ಸಾಗಿ.

ನೀವೀಗ ನೋಡುತ್ತಿರುವಂತೆ, ಯಾರಾದರೂ ಬರುವರೇ ಎಂಬುದಕ್ಕೆ ಉತ್ತರ ಕಾಡಿನಲ್ಲಿಲ್ಲ, ನೀವು ಹೊರಡುವ ಮೊದಲು ಮನೆಯಲ್ಲಿದೆ. 1982ರಿಂದ ಜೀವ ಉಳಿಸುತ್ತ ಬಂದಿರುವ ಕೋಸ್ಪಾಸ್-ಸಾರ್ಸಾಟ್ ಉಪಗ್ರಹ ವ್ಯವಸ್ಥೆಗೆ ಸಂಕೇತ ಕಳುಹಿಸುವ ಪುಟ್ಟ ಸಾಧನಗಳು ಇಂದು ಅಂಗೈಯಗಲಕ್ಕೆ ಇಳಿದಿವೆ. ಹೋಗುವ ದೇಶದ ಕಾನೂನು ಅನುಮತಿಸುವುದಾದರೆ ಅವು ಒಳ್ಳೆಯ ಆಸರೆಯೇ. ಆದರೂ ನಾನು ಹೆಚ್ಚು ನಂಬುವುದು ಒಂದು ಚೀಟಿಯನ್ನು: ಯಾವ ಹಾದಿ, ಎಷ್ಟು ಹೊತ್ತಿಗೆ ವಾಪಸ್ಸು, ಎಷ್ಟು ಹೊತ್ತಿನವರೆಗೆ ಸುದ್ದಿ ಬರದಿದ್ದರೆ ಜನರನ್ನು ಎಬ್ಬಿಸಬೇಕು.

ಪಾಚಿಯ ಮೇಲೆ ನನ್ನ ಮೊಣಕಾಲಿನ ಗುರುತು ಕಂಡ ದಿನ ನಾನು ಅಂಥದ್ದೊಂದು ಚೀಟಿ ಬಿಟ್ಟೇ ಹೋಗಿದ್ದೆ. ಕೊನೆಗೂ ಆ ಬಿದ್ದ ಮರದ ಬುಡದಲ್ಲಿ ಎಲೆ ಒಟ್ಟಿ, ಸೀಟಿ ಊದುತ್ತ ರಾತ್ರಿ ಕಳೆದೆ. ಗೆಳೆಯರು ಮಾತಿಗೆ ತಪ್ಪದೆ ಹೇಳಿದ ಹೊತ್ತಿಗೆ ಹೊರಟರು, ಆದರೆ ಇಡೀ ರಾತ್ರಿ ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಹುಡುಕಿದರು. ಮಧ್ಯಾಹ್ನ ನೆತ್ತಿ ತಲುಪಿದ ಮೇಲೆ, ಈ ಕಡೆಯ ಇಳಿಜಾರು ಚೆನ್ನಾಗಿ ಕಾಣುತ್ತಿದೆ ಎಂದು ನಾನು ಹಾದಿ ಬದಲಿಸಿದ್ದೆ. ಚೀಟಿಯಲ್ಲಿದ್ದದ್ದು ಹಳೆಯ ಹಾದಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಅವರ ಸೀಟಿ ಕೇಳಿಸಿತು. ಈಗ ನಡುವೆ ಹಾದಿ ಬದಲಿಸುವುದಿದ್ದರೆ ಮೊದಲು ಸಂದೇಶ ಕಳುಹಿಸುತ್ತೇನೆ. ಸಿಗ್ನಲ್ ಇಲ್ಲದಿದ್ದರೆ, ಆ ಕಡೆಯ ನೋಟ ಎಷ್ಟೇ ಚೆನ್ನಾಗಿರಲಿ, ಬರೆದಿಟ್ಟ ಹಾದಿಯಲ್ಲೇ ಇಳಿಯುತ್ತೇನೆ.